ಕರಿಯನ ನಿದ್ದೆ ಕಾಯುವ ಭಾವ

ಬೆಳಿಗ್ಗೆ ಕೊಟ್ಟಿಗೆ ಗುಡಿಸಿದೆ, ಅಂಗಳಕ್ಕೆ ಸಗಣಿ ನೀರು ಹಾಕಿದೆ, ಬಾವಿಯಿಂದ ನೀರು ಸೇದಿದೆ, ರಾಗಿ ಬೀಸಿದೆ. ಇದರಲ್ಲೇನು ಹೆಚ್ಚುಗಾರಿಕೆ ಎನ್ನುತ್ತೀರಾ? ಇಷ್ಟನ್ನೂ ಸದ್ದಿಲ್ಲದೆ ಮಾಡಿದೆ! ನಮ್ಮ ಭಾವನವರ ಅಪ್ಪಣೆ. ನಾಯಿ ಕಚ್ಚೀತೆಂದು ಹೆದರುವವರು ಅಟ್ಟೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾಯಿಗೆ ಎಚ್ಚರವಾದೀತೆಂದು ಹೆದರುವವರು ನಮ್ಮ ಭಾವ ಒಬ್ಬರೇ.

ನಮ್ಮ ಮನೆಯವರ ಅಣ್ಣ, ಮದುವೆಯ ಗೊಡವೆಗೆ ಹೋಗದೆ ದ್ರಾಕ್ಷಿ ತೋಟ ಕಾಯುತ್ತಾ ಉಳಿದವರು ಅವರು. ಜೊತೆಗೆ ನಾಯಿ ಕರಿಯ. ಹಣ್ಣಿಗೆ ಬರುವ ಹಕ್ಕಿಗಳನ್ನು ಇಬ್ಬರೂ ಸೇರಿ ಅಟ್ಟುವಾಗ ಯಾವ ಕೂಗು ಯಾರದೆಂದು ಹೇಳುವುದು ಕಷ್ಟವಿತ್ತು. ಈಗ ಕರಿಯನಿಗೆ ವಯಸ್ಸಾಯಿತು. ಹಗಲೆಲ್ಲ ನಿದ್ದೆ. ಹಕ್ಕಿಗಳು ತಲೆಯ ಮೇಲೆ ಕಿರುಚಿದರೂ ಏಳುವುದಿಲ್ಲ. ಆದರೆ ಯಾರಾದರೂ ಪಕ್ಕದಲ್ಲಿ ಸುಳಿದರೆ ಸಾಕು, ದೆವ್ವ ಕಂಡವನಂತೆ ಹೌಹಾರಿ ಎದ್ದು ನಡುಗುತ್ತಾನೆ. ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು, ಅಷ್ಟೆ.

"ನಮ್ ಗಲಾಟೆಗೆ ಎದರ್ಕೊಂಡವ್ನೆ" ಎಂದು ಭಾವ ತೀರ್ಪು ಕೊಟ್ಟರು. ಅಂದಿನಿಂದ ಮನೆಗೆ ಮನೆಯೇ ತುದಿಗಾಲಲ್ಲಿ! ಎತ್ತಿನ ಕೊರಳ ಗಂಟೆ ಬಿಚ್ಚಿದರು. ಬಾವಿಯ ರಾಟೆಗೆ ಹರಳೆಣ್ಣೆ ಕುಡಿಸಿದರು. ಬೀಸುವ ಕಲ್ಲಿನ ಕೆಳಗೆ ಗೋಣಿಚೀಲ ತುರುಕಿದರು. ನನ್ನ ಕಾಲುಂಗುರ ಚಪ್ಪಡಿಗೆ ತಾಗಿ ಟಿಕ್ಕೆಂದಾಗಲೆಲ್ಲ ಕಾಲನ್ನೇ ನೋಡುತ್ತಿದ್ದರು. ಮುತ್ತೈದೆಗೆ ಅದನ್ನು ತೆಗೆ ಎನ್ನಲು ಬಾಯಿ ಬರಲಿಲ್ಲ, ಪುಣ್ಯ.

ವಿಚಿತ್ರವೆಂದರೆ, ನಾವು ಮೆಲ್ಲಗಾದಷ್ಟೂ ಕರಿಯನ ಹೆದರಿಕೆ ಹೆಚ್ಚಾಯಿತು. ನಿನ್ನೆ ಅತ್ತೆ ಬೆಕ್ಕಿನ ಹೆಜ್ಜೆಯಲ್ಲಿ ಮಜ್ಜಿಗೆ ತರುತ್ತಿದ್ದಾಗ ಬೆಚ್ಚಿಬಿದ್ದು ಅವರ ಸೆರಗಿಗೇ ಬಾಯಿ ಹಾಕಿದ. ಮಜ್ಜಿಗೆ ಅಂಗಳದ ಪಾಲಾಯಿತು.

"ಇವತ್ ಸೆರಗು, ನಾಳೆ ಕಾಲು. ಕೋಗಿಲು ಊರ್ ಕಡೆ ಬಿಟ್ ಬಾ" ಎಂದರು ಅತ್ತೆ.

"ಅಂಗಾದ್ರೆ ನನ್ನೂ ಅಲ್ಲೇ ಬಿಡವ್ವ" ಎಂದರು ಭಾವ.

ನಮ್ಮ ಮನೆಯವರು ನಡುವೆ ಬಂದು, ಮೊದಲು ಹೆಬ್ಬಾಳದ ದನದ ಡಾಕ್ಟರಿಗೆ ತೋರಿಸೋಣ, ಯಾರನ್ನು ಎಲ್ಲಿ ಬಿಡುವುದೆಂದು ಆಮೇಲೆ ನೋಡೋಣ ಎಂದರು.

ಇವತ್ತು ಗಾಡಿಯಲ್ಲಿ ಹುಲ್ಲು ಹಾಸಿ ಕರಿಯನ ಸವಾರಿ ಹೊರಟಿತು. ಅಲ್ಲಿ ನಡೆದದ್ದನ್ನು ನಮ್ಮ ಮನೆಯವರು ಬಂದು ಹೇಳಿದರು. ಡಾಕ್ಟರು ಒಸಡು ನೋಡಿದರಂತೆ, ಬಿಳಿಚಿಲ್ಲ. ಉಣುಗು ಹುಳ ಕಚ್ಚಿ ಜ್ವರ ಬಂದಿದೆಯೇ ಎಂದು ನೋಡಿದರಂತೆ, ಅದೂ ಇಲ್ಲ. ಹೊಟ್ಟೆ ಒತ್ತಿದರೆ ನೋವಿಲ್ಲ. ಕೊನೆಗೆ, ಅಲ್ಲೂ ನಿದ್ದೆ ಹೋಗಿದ್ದ ಕರಿಯನ ಬೆನ್ನ ಹಿಂದೆ ತಗಡಿನ ತಟ್ಟೆ ಬಡಿದರಂತೆ. ಭಾವ ಹಾರಿಬಿದ್ದರು, ಕರಿಯ ಕಣ್ಣು ಬಿಡಲಿಲ್ಲ! ಡಾಕ್ಟರು ದೂರದಿಂದ ನೆಲಕ್ಕೆ ಕಾಲು ಅಪ್ಪಳಿಸುತ್ತಾ ಬಂದಾಗ ತಲೆ ಎತ್ತಿದ, ನಡುಗಲಿಲ್ಲ.

"ಇದಕ್ಕೆ ಕಿವಿ ಹೋಗಿದೆ ಕಣ್ರೀ. ಏನೂ ಕೇಳಿಸದೆ ಇದ್ರೆ ನಿದ್ದೆ ಜಾಸ್ತಿ. ನೀವು ಕಳ್ಳಹೆಜ್ಜೆ ಇಟ್ಕೊಂಡು ಮೈಮೇಲೆ ಬಂದ್ರೆ ಹೆದರದೆ ಇನ್ನೇನ್ ಮಾಡುತ್ತೆ? ನೆಲ ಅದುರೋ ಹಾಗೆ ನಡೀರಿ" ಎಂದರಂತೆ.

ಸಂಜೆಯಿಂದ ನಮ್ಮ ಮನೆಗೆ ದಂಡು ಬಂದಂತಿದೆ. ಅತ್ತೆಯೇ ಮೊದಲು ಮುದ್ದೆಯ ಚೂರು ಹಿಡಿದು, ನೆಲ ಒದೆಯುತ್ತಾ ಕರಿಯನ ಮುಂದೆ ಹೋಗಿ ನಿಂತರು. ಅವನು ಬಾಲ ಅಲ್ಲಾಡಿಸಿದ. ಅತ್ತೆ ಕೋಗಿಲಿನ ಮಾತು ಮತ್ತೆ ಎತ್ತಲಿಲ್ಲ.

ಭಾವ ಮಾತ್ರ ಜಗುಲಿಯಲ್ಲಿ ಸುಮ್ಮನೆ ಕೂತಿದ್ದರು. ಊಟಕ್ಕೆ ಕರೆಯಲು ಹೋದೆ.

"ಓದ್ ವಾರಾನೂ ತೋಟದಾಗೆ ನಾ ಕೈ ಬೀಸಿ ಕರ್ದಾಗೆಲ್ಲ ಬಂದವ್ನೆ ಕಣಮ್ಮ" ಎಂದರು. "ಎದ್ದಿದ್ದಷ್ಟೊತ್ತೂ ನನ್ನೇ ನೋಡ್ತಾ ಇದ್ನೇನೋ."

ತಟ್ಟೆಯನ್ನು ಜಗುಲಿಗೇ ತಂದಿಟ್ಟೆ.

ಮುದ್ದೆ, ಹುರಳಿಕಾಳಿನ ಸಾರು. ಮೊದಲು ಮಲಗಿದವನು ಕರಿಯ, ಭಾವನವರ ಪಾದದ ಮೇಲೆ ಗದ್ದವಿಟ್ಟು. ನಾವೆಲ್ಲ ದಡದಡ ಓಡಾಡಿ ಪಾತ್ರೆ ಎತ್ತಿಟ್ಟು ಹಾಸಿಗೆ ಹಾಸಿದೆವು. ಭಾವನವರ ಆ ಒಂದು ಕಾಲು ಮಾತ್ರ ಅಲ್ಲಾಡಲಿಲ್ಲ.