ರಾಗಿ ಹಿಟ್ಟಿನ ಬ್ಯೂಮಾರಿಸ್ ಕೋಟೆ

ಅರವತ್ತು ದಾಟಿದ ಪ್ರತಿಯೊಬ್ಬ ಗಂಡಸಿಗೂ ಸ್ವಂತದ್ದೊಂದು ಕೋಟೆ ಇರಬೇಕು ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಮನೆ ಇದೆಯಲ್ಲ ಎನ್ನಬೇಡಿ. ಮನೆ ಬೇರೆ, ಕೋಟೆ ಬೇರೆ. ಮನೆಯಲ್ಲಿ ಬಿಸಿ ತಂಪು ತಿರುಗಿಸುವ ಥರ್ಮೋಸ್ಟಾಟ್ ಯಾರ ಕೈಯಲ್ಲಿದೆಯೋ ಅವರೇ ದೊರೆ, ಮತ್ತು ಡಾಲರ್ ದೇಶದ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಅದು ನನ್ನ ಹೆಂಡತಿ ಸರೋಜಳ ಕೈಯಲ್ಲಿದೆ. ಕೋಟೆಯಾದರೆ ಹಾಗಲ್ಲ. ಮೂಲೆಗೊಂದು ಬುರುಜು, ಸುತ್ತ ಕಂದಕ, ಕಂದಕದಲ್ಲಿ ಸುಮ್ಮನೆ ತೇಲುವ ನಾಲ್ಕು ಬಾತುಕೋಳಿ, ಮೇಲೊಂದು ಬಾವುಟ. ಬಾಗಿಲು ತೆಗೆಯುವುದೂ ಬಿಡುವುದೂ ನಮ್ಮ ಇಷ್ಟ. ನೀವು ನಗುತ್ತಿದ್ದೀರಿ, ನಗಿ. ನಿಮ್ಮಲ್ಲಿ ಎಷ್ಟು ಜನ ಕೋಟೆ ಕಟ್ಟಿದ್ದೀರಿ? ನಾನು ಕಟ್ಟಿದ್ದೇನೆ. ಅದು ಬಿದ್ದ ಕಥೆಯನ್ನೂ ನಾನೇ ಹೇಳುತ್ತೇನೆ, ಏಕೆಂದರೆ ನನ್ನಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ನಾನು ನೌಕರಿ ಮಾಡಿದ್ದು ಸೀಕಾಕಸ್‌ನಲ್ಲಿ, ಗೋದಾಮುಗಳಲ್ಲಿ ಪೆಟ್ಟಿಗೆಗಳನ್ನು ಸಾಗಿಸುವ ಬೆಲ್ಟುಗಳ ಎಂಜಿನಿಯರ್ ಆಗಿ. ಒಮ್ಮೆ ಕೆಲಸದ ಮೇಲೆ ನನ್ನನ್ನು ವೇಲ್ಸ್ ದೇಶಕ್ಕೆ ಕಳಿಸಿದ್ದರು. ಭಾನುವಾರ ಮಾಡಲು ಏನೂ ಇರಲಿಲ್ಲ. ಸಿಕ್ಕಿದ ಬಸ್ಸು ಹತ್ತಿ, ಬಸ್ಸು ನಿಂತಲ್ಲಿ ಇಳಿದೆ. ಮಂಜು ಮುಸುಕಿತ್ತು. ಆ ಮಂಜಿನಲ್ಲಿ, ಹುಲ್ಲಿನ ನಡುವೆ, ನೀರಿನ ಮೇಲೆ ಮಲಗಿಕೊಂಡ ಹಾಗೆ ಒಂದು ಕೋಟೆ. ಬ್ಯೂಮಾರಿಸ್ ಎಂದು ಅದರ ಹೆಸರು. ಚೆಂದದ ಜೌಗು ಎಂದು ಅರ್ಥವಂತೆ. ನಮ್ಮ ಕೋಟೆಗಳೆಲ್ಲ ಬೆಟ್ಟ ಹತ್ತಿ ಎದೆ ಸೆಟೆಸಿ ನಿಂತಿದ್ದರೆ ಇದು ಜೌಗಿನಲ್ಲಿ ಕೂತು ಕಾಲು ನೆನೆಸಿಕೊಂಡಿತ್ತು. ನಾನು ಅಲ್ಲೇ ಸೋತೆ.

ಏಳುನೂರು ವರ್ಷದ ಹಿಂದೆ ವೇಲ್ಸನ್ನು ಗೆದ್ದ ಇಂಗ್ಲೆಂಡಿನ ದೊರೆ, ಅಲ್ಲಿನ ಜನ ಮತ್ತೆ ತಿರುಗಿಬಿದ್ದರು ಎಂಬ ಸಿಟ್ಟಿಗೆ ಕಟ್ಟಿಸಿದ್ದು ಅದು. ಆ ಜಾಗದ ಹತ್ತಿರ ಇದ್ದ ಊರಿನವರನ್ನು ಎಬ್ಬಿಸಿ ಬೇರೆ ಕಡೆ ಕಳಿಸಿಬಿಟ್ಟನಂತೆ. ಮನುಷ್ಯ ಒಳ್ಳೆಯವನಲ್ಲ, ಆದರೆ ಅವನ ಮೇಸ್ತ್ರಿಗೆ ಮಾತ್ರ ನನ್ನ ನಮಸ್ಕಾರ. ಕೋಟೆಯೊಳಗೆ ಕೋಟೆ: ಹೊರಗೆ ಗಿಡ್ಡ ಗೋಡೆ, ಒಳಗೆ ಎತ್ತರದ ಗೋಡೆ. ಒಳಗಿನವರು ಹೊರಗಿನವರ ತಲೆ ಮೇಲಿಂದಲೇ ಬಾಣ ಬಿಡಬಹುದು. ಹೊರಬಾಗಿಲಿಗೂ ಒಳಬಾಗಿಲಿಗೂ ನೇರ ದಾರಿ ಇಲ್ಲ. ಹೊರಬಾಗಿಲು ಮುರಿದು ಬಂದ ಶತ್ರು ಪಕ್ಕಕ್ಕೆ ಹೊರಳಲೇಬೇಕು. ಹೊರಳಿದಾಗ ಅವನ ಪಕ್ಕೆ ಗೋಡೆಯ ಮೇಲಿನವರಿಗೆ ಸಿಗುತ್ತದೆ. ಬಾಗಿಲ ಚಾವಣಿಯಲ್ಲಿ ತೂತುಗಳು, ಕೆಳಗೆ ನಿಂತವನ ತಲೆಗೆ ಕಲ್ಲು ಹಾಕಲು. ಮೇಲಿಂದ ಸರಕ್ಕನೆ ಇಳಿಬೀಳುವ ಸರಳಿನ ಬಾಗಿಲು. ಹಡಗು ನೇರವಾಗಿ ಹೆಬ್ಬಾಗಿಲ ತನಕ ತೇಲಿ ಬರುವಂಥ ಕಟ್ಟೆ. ಗೋಡೆಯೊಳಗೆ ಶೌಚಕ್ಕೆ ಕೊರೆದ ಸಣ್ಣ ಕೋಣೆಗಳು, ಅವುಗಳಿಂದ ಕೆಳಕ್ಕಿಳಿಯುವ ಕಿಂಡಿಗಳು. ಎಲ್ಲ ಆಯಿತು ಅನ್ನುವಷ್ಟರಲ್ಲಿ ದೊರೆಗೆ ಸ್ಕಾಟ್ಲೆಂಡಿನ ಜಗಳ ಬಂತು, ಬೊಕ್ಕಸ ಬರಿದಾಯಿತು, ಬುರುಜುಗಳು ಅರ್ಧ ಎತ್ತರಕ್ಕೇ ನಿಂತುಬಿಟ್ಟವು. ಇವತ್ತಿಗೂ ಹಾಗೇ ನಿಂತಿವೆ, ಹೇಳಬೇಕೆಂದಿದ್ದ ಮಾತು ಅರ್ಧದಲ್ಲೇ ಮರೆತು ಹೋದವರ ಹಾಗೆ. ಆಮೇಲೊಮ್ಮೆ ವೇಲ್ಸಿನವರೇ ಅದನ್ನು ಹಿಡಿದುಕೊಂಡಿದ್ದರೆಂದೂ ಓದಿದ್ದೇನೆ. ಆ ಭಾಗವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಅಲ್ಲಿಂದ ವಾಪಸ್ಸು ಬಂದ ಮೇಲೆ ದಿನಾ ಸೀಕಾಕಸ್‌ಗೆ ಹೋಗಿಬರುವ ನನ್ನ ಕಮ್ಯೂಟ್ ಬದಲಾಯಿತು. ರೈಲು ಅದೇ, ಸೀಟು ಅದೇ, ಪಕ್ಕದವನ ಗೊರಕೆಯೂ ಅದೇ. ಆದರೆ ಸೀಕಾಕಸ್‌ನ ಸುತ್ತಲೂ ಜೌಗು ಇದೆಯಲ್ಲ, ಆಳೆತ್ತರದ ಜೊಂಡು, ನಡುವೆ ಬೂದು ನೀರು, ಒಂಟಿ ಕಾಲಲ್ಲಿ ನಿಂತ ಬಿಳಿ ಕೊಕ್ಕರೆ, ಅದರ ಮೇಲೆ ಬೆಳಗಿನ ಹೊಗೆಯಂಥ ಬೆಳಕು, ಅಲ್ಲಿ ನನಗೆ ಬುರುಜುಗಳು ಕಾಣತೊಡಗಿದವು. ಗೋದಾಮಿನ ಗೋಡೆ ಕೋಟೆಯ ಗೋಡೆಯಾಗುತ್ತಿತ್ತು. ಟರ್ನ್‌ಪೈಕ್ ಹೆದ್ದಾರಿಯ ಲಾರಿಗಳ ಸದ್ದು ದೂರದ ಸಮುದ್ರವಾಗುತ್ತಿತ್ತು. ಎಷ್ಟೋ ಸಲ ಇಳಿಯಬೇಕಾದ ಸ್ಟೇಷನ್ ದಾಟಿ ಮುಂದೆ ಹೋಗಿ, ಮೀಟಿಂಗಿಗೆ ತಡವಾಗಿ ಬಂದು, "ಟ್ರ್ಯಾಕ್ ಪ್ರಾಬ್ಲಮ್" ಎಂದು ಮುಖ ಗಂಟಿಕ್ಕಿ ಹೇಳಿದ್ದೇನೆ.

ರಿಟೈರ್ ಆದ ವರ್ಷ ನವರಾತ್ರಿ ಬಂತು. ಸರೋಜ ಮೈಸೂರಿನವಳು. ಬೇಸ್‌ಮೆಂಟಿನಲ್ಲಿ ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಗೊಂಬೆ ಕೂರಿಸದೆ ಅವಳಿಗೆ ಹಬ್ಬವಿಲ್ಲ. ಮೇಲಿನ ಮೆಟ್ಟಿಲಲ್ಲಿ ಮರದ ರಾಜ ರಾಣಿ, ಅವಳ ಮದುವೆಗೆ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು. ಆ ರಾಜನ ಕಚ್ಚೆ ಪಂಚೆ, ಶಲ್ಯ, ಪೇಟ ಎಲ್ಲವನ್ನೂ ನಮ್ಮತ್ತೆ ತಮ್ಮ ಸ್ವಂತ ಧಾರೆ ಸೀರೆಯ ಸೆರಗಿನಿಂದ ಹೊಲಿದಿದ್ದರು. ಸರೋಜ ವರ್ಷಕ್ಕೊಂದು ಸಲ ಅವನ್ನು ತೆಗೆದು, ಮೂಸಿ ನೋಡಿ, ಉಡಿಸುತ್ತಾಳೆ.

"ಈ ಸಲ ರಾಜ ರಾಣೀನ ನಾನು ಕೂರಿಸ್ತೀನಿ ಕಣೇ," ಎಂದೆ. "ಬ್ಯೂಮಾರಿಸ್ ಕೋಟೆ ಕಟ್ಟಿ, ಅದರೊಳಗೆ."

"ರೀ, ದಸರಾಗೆ ಅರಮನೆ ಮಾಡ್ತಾರೆ. ಅದ್ಯಾವುದೋ ಊರಿನ ಕೋಟೆ ಯಾಕೆ?"

"ಅರಮನೆಗೆ ಯಾರು ಬೇಕಾದ್ರೂ ನುಗ್ಗಬಹುದು. ಇದರೊಳಕ್ಕೆ ಒಂದು ನರಪಿಳ್ಳೇನೂ ಹೋಗಕ್ಕಾಗಲ್ಲ."

"ಅಮ್ಮ ಹೊಲೆದಿದ್ದು ರೀ ಅದು. ಏನಾದ್ರೂ ಆದ್ರೆ?"

"ಆದ್ರೆ ನನ್ನ ಹೆಸರು ಬದಲಾಯಿಸು," ಎಂದೆ.

ಆನ್‌ಲೈನ್ ಸಾಮಾನು ಬಂದ ರಟ್ಟಿನ ಡಬ್ಬಗಳು ನಮ್ಮ ಗರಾಜಿನಲ್ಲಿ ಕೋಟೆಗಾಗಿಯೇ ಕಾದು ಕೂತಿದ್ದವು. ಕತ್ತರಿಸಿ, ಮಡಚಿ, ಮೈದಾ ಅಂಟಿನಲ್ಲಿ ನಿಲ್ಲಿಸಿದೆ. ಬಣ್ಣ ಬಳಿದರೆ ಕಲ್ಲಿನ ಹಾಗೆ ಕಾಣಲಿಲ್ಲ. ಆಗ ಹೊಳೆಯಿತು: ರಾಗಿ ಹಿಟ್ಟು! ಅಂಟಿಗೆ ರಾಗಿ ಹಿಟ್ಟು ಕಲೆಸಿ ಮೆತ್ತಿದರೆ, ಆಹಾ, ಏಳುನೂರು ವರ್ಷದ ಕಲ್ಲು, ಅದೇ ಒರಟು, ಅದೇ ಬೂದುಗೆಂಪು. ಸರೋಜ ಮೂಗು ಮುರಿದಳು. "ಹಿಟ್ಟು ರೀ ಅದು. ಹೊರಗೆ ಥಂಡಿ ಶುರುವಾಗಿದೆ. ಇಲಿ ಬರತ್ತೆ." ನಾನು ಅವಳಿಗೆ ಎರಡು ಗೋಡೆಗಳ ತತ್ವವನ್ನು ಮತ್ತೊಮ್ಮೆ ವಿವರಿಸಿದೆ. ಒಳಬಾಗಿಲ ಸರಳು ದಾರ ಎಳೆದರೆ ಏಳುತ್ತಿತ್ತು, ಬಿಟ್ಟರೆ ಬೀಳುತ್ತಿತ್ತು. ರಾಜ ರಾಣಿಯನ್ನು ಒಳಗೆ ಕೂರಿಸಿದೆ. ಸ್ಟೀಲ್ ತಟ್ಟೆಗಳಲ್ಲಿ ನೀರು ತುಂಬಿ ಕಂದಕ. ನಿಖರತೆ ನನ್ನ ದೌರ್ಬಲ್ಯ, ಹಾಗಾಗಿ ಶೌಚದ ಕಿಂಡಿಗಳನ್ನೂ ಬಿಟ್ಟೆ. ಚಿತ್ರದುರ್ಗದ ಕಿಂಡಿಯ ಕಥೆಯನ್ನೂ ಒನಕೆಯ ಕಥೆಯನ್ನೂ ಕೇಳುತ್ತಾ ಬೆಳೆದ ಕನ್ನಡಿಗ ಕೋಟೆಯಲ್ಲಿ ಕಿಂಡಿ ಬಿಟ್ಟ ಎಂದರೆ ಅವನ ವಿದ್ಯೆಗೆ ಏನು ಹೇಳೋಣ!

ಮಧ್ಯಾಹ್ನಗಳಲ್ಲಿ ನಾನು ಕೋಟೆಯ ಪಕ್ಕದ ಸೋಫಾದಲ್ಲಿ ಮಲಗುತ್ತಿದ್ದೆ. ಬೇಸ್‌ಮೆಂಟಿನ ಪುಟ್ಟ ಕಿಟಕಿಯಿಂದ ಮೇಪಲ್ ಎಲೆಗಳ ಕೆಂಪು ಬೆಳಕು ಗೋಡೆಗಳ ಮೇಲೆ ತೂಗುತ್ತಿತ್ತು. ಅರೆನಿದ್ದೆಯಲ್ಲಿ ತಟ್ಟೆಯ ನೀರು ಉಬ್ಬಿ ಸಮುದ್ರವಾಗಿ, ಹಾಯಿಹಡಗೊಂದು ಹೆಬ್ಬಾಗಿಲಿಗೆ ಬರುತ್ತಿತ್ತು. ಒಳಗೆಲ್ಲೋ ಪರಪರ ಸದ್ದು. ಕಾವಲುಗಾರರು ಓಡಾಡುತ್ತಿದ್ದಾರೆ ಎಂದುಕೊಂಡು ಮಗ್ಗುಲು ಬದಲಾಯಿಸುತ್ತಿದ್ದೆ.

ಶನಿವಾರ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರು. ಬಂದವರಲ್ಲಿ ಇಬ್ಬರನ್ನು ನೀವು ತಿಳಿದಿರಬೇಕು: ನಮ್ಮ ಬೀದಿಯ ವತ್ಸಲಾ, ಮತ್ತು ಹತ್ತಿರದ ಸಮರ್‌ಸೆಟ್‌ನಿಂದ ಬರುವ ಎಳೆಯ ಟೆಕ್ಕಿ ಶ್ರುತಿ. ವತ್ಸಲಾಗೆ ನನ್ನ ಮೇಲೆ ಹಳೆಯ ಹಗೆ. ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ರಾಷ್ಟ್ರಗೀತೆ ಹಾಡಿಸುತ್ತಾರೆಂದು ನಾನು ಸುಳ್ಳು ಹೇಳಿದ್ದಕ್ಕೆ ಅವರ ಗಂಡ ಬಾತ್‌ರೂಮಿನಲ್ಲಿ ದಿನಾ ಅಭ್ಯಾಸ ಮಾಡಿದ್ದರು. ಒಮ್ಮೆ ನಾನು ಕೋಸಂಬರಿಯೊಳಗೆ ಬಚ್ಚಿಟ್ಟ ರಬ್ಬರ್ ಹಲ್ಲಿಯೂ ಅವರ ಪಾಲಿಗೇ ಬಂದಿತ್ತು. ಕೋಟೆ ನೋಡಿ, "ನಿಜವಾಗ್ಲೂ ಇಂಥದ್ದಿದ್ಯಾ, ಇಲ್ಲ ಇದೂ ನೀವು ಬಿಡೋ ರೈಲಾ?" ಎಂದರು.

"ಇದೆಯಮ್ಮಾ. ಆ ದೊರೆಗೆ ದಿನಾ ರಾಗಿ ಮುದ್ದೆ ಬೇಕಾಗ್ತಿತ್ತಂತೆ. ಅದಕ್ಕೇ ನೋಡಿ ಈ ಬಣ್ಣ."

"ಬಾಗಿಲು ಎತ್ತಿ ಅಂಕಲ್, ವಿಡಿಯೋ ಮಾಡ್ತೀನಿ," ಎಂದು ಶ್ರುತಿ ಫೋನ್ ಹಿಡಿದಳು.

ನಾನು ಗತ್ತಿನಿಂದ ದಾರ ಎಳೆದೆ. ಸರಳು ಎದ್ದಿತು. ಒಳಗಿಂದ ಒಂದು ಇಲಿ ಹೊರಬಂತು. ಎರಡು ಗೋಡೆಗಳ ನಡುವೆ ನಿಂತು, ಹಿಂಗಾಲ ಮೇಲೆ ಕೂತು, ಸಭೆಯನ್ನು ನೋಡಿತು.

"ಓ ಮೈ ಗಾಡ್ ಅಂಕಲ್, ಸೋ ಕ್ಯೂಟ್! ರಿಮೋಟ್ ಎಲ್ಲಿ?"

"ಇಲಿ!" ಎಂದು ಕೂಗಿದೆ. "ನಿಜವಾದ ಇಲಿ ಕಣಮ್ಮಾ!"

ಎಲ್ಲರೂ ಚಪ್ಪಾಳೆ ತಟ್ಟಿದರು. ವತ್ಸಲಾ ಅಂತೂ, "ಈ ಸಲ ನಾನು ಮೋಸ ಹೋಗಲ್ಲ," ಎನ್ನುತ್ತಾ ಬಗ್ಗಿ ಬೆರಳಿಂದ ಅದರ ಬೆನ್ನು ಸವರಿಯೇಬಿಟ್ಟರು. "ಎಷ್ಟು ಮೆತ್ತಗಿದೆ ರೀ! ಬೆಚ್ಚಗೂ ಇದೆ! ಬ್ಯಾಟರೀದಾ?" ಇಲಿ ಹೊರಟಿತು. ಬಾಗಿಲುಗಳು ನೇರ ಇಲ್ಲವಲ್ಲ, ಪಕ್ಕಕ್ಕೆ ಹೊರಳಿತು. ಆ ಮೇಸ್ತ್ರಿ ಏಳುನೂರು ವರ್ಷದ ಹಿಂದೆ ಲೆಕ್ಕ ಹಾಕಿದ ಹಾಗೆಯೇ ತನ್ನ ಪಕ್ಕೆಯನ್ನು ಗೋಡೆಗೆ ಒಡ್ಡಿತು. ಗೋಡೆಯ ಮೇಲೆ ಬಾಣ ಬಿಡುವವರು ಮಾತ್ರ ಯಾರೂ ಇರಲಿಲ್ಲ. ಅದು ಆರಾಮಾಗಿ ಹೊರಬಾಗಿಲು ದಾಟಿ, ವಾಷಿಂಗ್ ಮೆಷೀನಿನ ಹಿಂದೆ ಕಾಣೆಯಾಯಿತು.

ಸರೋಜ ಒಬ್ಬಳೇ ನಗಲಿಲ್ಲ. ಇಲಿಯ ಬಾಯಲ್ಲಿ ಹೊಳೆಯುತ್ತಿದ್ದ ಜರಿ ಎಳೆಯನ್ನು ಅವಳು ನೋಡಿದ್ದಳು. ಕೈ ಹಾಕಿ ಒಳಗಿಂದ ಗೊಂಬೆಗಳನ್ನು ತೆಗೆದಳು. ರಾಣಿಯ ಸೀರೆ ಇದ್ದ ಹಾಗೇ ಇತ್ತು. ರಾಜ ಮಾತ್ರ ಮೈಮೇಲೆ ಒಂದೆಳೆ ಇಲ್ಲದೆ, ಮರದ ಮುಖದಲ್ಲಿ ಅದೇ ಗಾಂಭೀರ್ಯ ಹೊತ್ತು ನಿಂತಿದ್ದ. ನಮ್ಮತ್ತೆಯ ಸೆರಗು ಈಶಾನ್ಯದ ಬುರುಜಿನಲ್ಲಿ ಗೂಡಾಗಿತ್ತು. ಸರೋಜ ನನ್ನನ್ನು ಬಯ್ಯಲಿಲ್ಲ. ಸೊಂಟದ ಕರ್ಚೀಫು ತೆಗೆದು ರಾಜನಿಗೆ ಸುತ್ತಿ, ಮೇಲಿನ ಮೆಟ್ಟಿಲಲ್ಲಿ ಕೂರಿಸಿ, "ಆರತಿಗೆ ಹೊತ್ತಾಯ್ತು, ಬನ್ನಿ," ಎಂದಳು. ಎಲ್ಲರೂ ಹೋದ ಮೇಲೆ ಉಸಲಿ ಪಾತ್ರೆ ತೊಳೆಯುತ್ತಾ ಅಂದದ್ದು ಒಂದೇ ಮಾತು: "ಅಮ್ಮ ಕನ್ನಡಕ ಇಲ್ದೇ ಹೊಲೆದಿದ್ರು ಅದನ್ನ."

ಬಯ್ದಿದ್ದರೆ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ, ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆ ಒಂದು ಮಾತಿಗೆ ನನ್ನಲ್ಲಿ ಕಂದಕವೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಮೇಲೆ ಹೋಗಿ ಬೀರುವಿನಿಂದ ನನ್ನ ಮದುವೆಯ ರೇಷ್ಮೆ ಪಂಚೆ ತಂದೆ. ಇವತ್ತಿಗೂ ಬೆಲ್ಟಿಲ್ಲದೆ ನಿಲ್ಲುತ್ತದೆಂದು ನಾನು ಊರೆಲ್ಲ ಕೊಚ್ಚಿಕೊಳ್ಳುವ ಪಂಚೆ ಅದು. ಕತ್ತರಿಯನ್ನೂ ನಾನೇ ತಂದು ಅವಳ ಮುಂದಿಟ್ಟೆ.

"ಇದೂ ತಮಾಷೇನಾ?" ಎಂದಳು.

"ಅಲ್ಲ ಕಣೇ."

ಅವಳು ಪಂಚೆಯನ್ನು ಬಿಡಿಸಿ, ಅಳೆದು, ಸರಿಯಾಗಿ ನಟ್ಟನಡುವಿನ ಅಂಚಿಗೆ ಕತ್ತರಿ ಹಾಕಿದಳು.

"ತುದಿಯಿಂದ ತಗೋಬಾರದೇನೇ? ಉಳಿದಿದ್ದನ್ನಾದ್ರೂ ಉಡ್ತಿದ್ದೆ."

"ತುದೀಲಿ ಸಾಂಬಾರ್ ಕಲೆ ಇದೆ. ರಾಜನಿಗೆ ಕಲೆ ಇರೋದು ಉಡಿಸ್ತಾರಾ?"

ಗೂಡಿನಿಂದ ಬಿಡಿಸಿ ತೆಗೆದ ಅಮ್ಮನ ಜರಿಯ ಎಳೆಗಳನ್ನು ಅವಳು ರಾಜನ ಪೇಟದ ಸುತ್ತ ಹೊಲಿದಳು. ಕೋಟೆಯನ್ನು ರೀಸೈಕಲ್ಲಿಗೆ ಹಾಕುತ್ತಾಳೆಂದುಕೊಂಡಿದ್ದೆ. ಹಾಕಲಿಲ್ಲ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಕಿಂಡಿಗಳಿಗೆಲ್ಲ ತುರುಕಿ, ಕೆಳಗಿನ ಮೆಟ್ಟಿಲ ಪಕ್ಕ ಇಟ್ಟಳು. "ಬುರುಜು ಇನ್ನೂ ಸ್ವಲ್ಪ ಎತ್ತರ ಆಗ್ಬೇಕಿತ್ತು," ಎಂದು ಮೆಲ್ಲಗೆ ಅಂದೆ. "ಅಲ್ಲೀದೂ ಅರ್ಧಕ್ಕೇ ನಿಂತಿದೆ ಅಂದ್ರಲ್ಲ. ಇದೂ ನಿಲ್ಲಲಿ," ಎಂದಳು.

ಈಗಲೂ ಮಧ್ಯಾಹ್ನ ಅದೇ ಸೋಫಾ, ಅದೇ ಕೆಂಪು ಬೆಳಕು, ಅದೇ ಕನಸು. ಜೊಂಡಿನ ನಡುವೆ ನೀರು ಏರುತ್ತದೆ. ಸೀಕಾಕಸ್‌ನ ಕೊಕ್ಕರೆಗಳು ದಾರಿ ಬಿಡುತ್ತವೆ. ನನ್ನ ಹಡಗು ಸದ್ದಿಲ್ಲದೆ ತೇಲಿ ಬ್ಯೂಮಾರಿಸ್‌ನ ಹೆಬ್ಬಾಗಿಲಿಗೆ ಬಂದು ನಿಲ್ಲುತ್ತದೆ. ನಾನು ಇಳಿದು, ಎದೆಯುಬ್ಬಿಸಿ, "ಬಾಗಿಲು ತೆಗೆಯಿರಿ, ದೊರೆ ಬಂದಿದ್ದಾನೆ!" ಎನ್ನುತ್ತೇನೆ. ಮೇಲೆ ಚಾವಣಿಯ ತೂತಿನಿಂದ ಸರೋಜಳ ಮುಖ ಇಣುಕುತ್ತದೆ.

"ದೊರೆ ಆಗ್ಲೇ ಒಳಗಿದ್ದಾರೆ. ನೀವು ಇಲಿ ಬೋನು ತಂದ್ರಾ?"

ತಂದಿಲ್ಲ. ಬಗ್ಗಿ ನೋಡಿಕೊಂಡರೆ ನಾನು ಉಟ್ಟ ಪಂಚೆಗೆ ನಡುವೆ ದೊಡ್ಡದೊಂದು ಕಿಂಡಿ.