ಮೂವತ್ತನೇ ದಿನದ ಚಮಚ

ಏಳನೇ ಹಾಸಿಗೆಯ ಪುಟ್ಟಿ ಮೊದಲ ಚಮಚವನ್ನು ಬಾಯೊಳಗೆ ಎರಡು ಸುತ್ತು ತಿರುಗಿಸಿ, ಗುರಿಯಿಟ್ಟು, ನೇರವಾಗಿ ಡಾಕ್ಟರ್ ಕನ್ನಡಕಕ್ಕೆ ಉಗಿದಳು.

"ಭೇಷ್!" ಎಂದಳು ಡಾಕ್ಟರ್, ಕನ್ನಡಕ ಒರೆಸಿಕೊಳ್ಳುತ್ತಾ. "ನೋಡಿ ಅಜ್ಜಿ, ಇಷ್ಟು ದೂರ ಉಗಿಯೋ ಮಗೂಗೆ ಡ್ರಿಪ್ ಬಾಟ್ಲಿ ಯಾಕೆ?"

"ಬಾಟ್ಲಿ ಹಾಕಲ್ಲ ಅಂದ್ರೆ ಆಸ್ಪತ್ರೆಗೆ ಯಾಕಮ್ಮಾ ಬರ್ಬೇಕಿತ್ತು?" ಪುಟ್ಟಿಯ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತರು. "ನೀರು ಕುಡ್ಸೋಕೆ ನಮ್ಮನೇಲಿ ನಲ್ಲಿ ಇಲ್ವಾ?"

ಪುಟ್ಟಿಗೆ ನಾಲ್ಕು ವರ್ಷ. ಬೆಳಗಿನ ಜಾವದಿಂದ ವಾಂತಿ, ಭೇದಿ. ನಾಲಿಗೆ ಒಣಗಿತ್ತು. ಆದರೆ ಅಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಅಜ್ಜಿಯ ಸೆರಗನ್ನು ಹರಿಯುವಷ್ಟು ಜೋರಾಗಿ ಎಳೆಯುತ್ತಿದ್ದಳು. ಇಂಥ ಮಗುವಿಗೆ ಸೂಜಿ ಬೇಕಿಲ್ಲ. ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ, ತಾಳ್ಮೆಯಿಂದ ಕುಡಿಸಿದರೆ ಸಾಕು. ಇದನ್ನು ಹೇಳಿ ಹೇಳಿ, ಮಾಡಿ ಮಾಡಿ, ಆ ಡಾಕ್ಟರ್‌ಗೆ ವಾರ್ಡಿನಲ್ಲಿ ಚಮಚ ಡಾಕ್ಟರ್ ಎಂದೇ ಹೆಸರು ಬಿದ್ದಿತ್ತು. ಜನ್ಮದಲ್ಲಿ ಯಾರಿಗೂ ಚಮಚಾಗಿರಿ ಮಾಡಿದವಳಲ್ಲ. ಆದರೂ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು.

ಚಮಚ ಡಾಕ್ಟರ್‌ಗೆ ಮೂವತ್ತೆರಡು ವರ್ಷ. ಡಾಕ್ಟರ್ ಆಗಿದ್ದಾಯಿತು, ಮಕ್ಕಳ ಡಾಕ್ಟರ್ ಆಗಿದ್ದೂ ಆಯಿತು. ಈಗ ಆಸ್ಪತ್ರೆಯಲ್ಲಿ ಮಲಗಿದ ಮಕ್ಕಳನ್ನು ನೋಡಿಕೊಳ್ಳುವುದನ್ನೇ ಕಲಿಯಲು ಎರಡು ವರ್ಷದ ಫೆಲೋಶಿಪ್. ಇದನ್ನು ಪಕ್ಕದ ಮನೆ ಆಂಟಿಗೆ ವಿವರಿಸಿ ವಿವರಿಸಿ ಅವಳ ಅಮ್ಮ ಸುಸ್ತಾಗಿದ್ದರು. ಆಂಟಿಗೆ ಅರ್ಥವಾಗಿದ್ದು ಇಷ್ಟೇ: "ಪಾಪ, ಇನ್ನೂ ಪಾಸಾಗಿಲ್ಲ."

ಪಾಸಾಗಲು ಬಾಕಿ ಇದ್ದದ್ದು ಒಂದೇ ಒಂದು ಪ್ರಾಜೆಕ್ಟು. ಬಾಯಲ್ಲಿ ಕುಡಿಯಬಲ್ಲವರಿಗೆ ಸುಮ್ಮಸುಮ್ಮನೆ ಡ್ರಿಪ್ ಹಾಕದೆ ವಾರ್ಡನ್ನು ಸತತ ಮೂವತ್ತು ದಿನ ನಡೆಸಿ ತೋರಿಸಬೇಕು. ಗೋಡೆಯ ಮೇಲೆ ಬಿಳಿ ಬೋರ್ಡು, ಅದರಲ್ಲಿ ದಿನದ ಲೆಕ್ಕ. ದಿನಾ ಮಧ್ಯಾಹ್ನ ಮೂರಕ್ಕೆ ದೊಡ್ಡ ಡಾಕ್ಟರ್ ಬಂದು ಒಂದು ಸಂಖ್ಯೆ ಏರಿಸುತ್ತಿದ್ದರು. ಇವತ್ತು ಬೋರ್ಡಿನಲ್ಲಿ 29 ಇತ್ತು.

ಇದು ಮೂರನೇ ಪ್ರಯತ್ನ. ಮೊದಲ ಸಲ ಹನ್ನೆರಡನೇ ದಿನಕ್ಕೆ ಮುರಿದಿತ್ತು. ಎರಡನೇ ಸಲ ಇಪ್ಪತ್ತೊಂದನೇ ದಿನಕ್ಕೆ. ಅವತ್ತು ಮೂರನೇ ಹಾಸಿಗೆಯ ಮಗುವಿನ ಚಿಕ್ಕಮ್ಮನಿಗೆ ತಲೆ ಸುತ್ತಿತು. ಖಾಲಿ ಹಾಸಿಗೆಯಲ್ಲಿ ಕೂತರು. ಸೂಜಿ ಸಿಸ್ಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರಿಪ್ ಏರಿಸಿಬಿಟ್ಟರು.

ಸೂಜಿ ಸಿಸ್ಟರ್ ಎಂದರೆ ವಾರ್ಡಿನ ಹಿರಿಯ ನರ್ಸು. ಎಂಥ ಮಗುವಿನ ಎಂಥ ಸಣ್ಣ ನರವನ್ನಾದರೂ ಒಂದೇ ಚುಚ್ಚಿಗೆ ಹಿಡಿಯುವ ಕೈ. ಈ ಪ್ರಾಜೆಕ್ಟು ಶುರುವಾದ ಮೇಲೆ ಅವರ ಕೈಗೆ ಕೆಲಸವೇ ಕಡಿಮೆಯಾಗಿ, ಕುಸ್ತಿಗೆ ಎದುರಾಳಿ ಸಿಗದ ಪೈಲ್ವಾನನ ಹಾಗೆ ಕಾರಿಡಾರಿನಲ್ಲಿ ತಿರುಗುತ್ತಿದ್ದರು. ಡ್ರಿಪ್ ಸ್ಟ್ಯಾಂಡುಗಳು ಮೂಲೆಯಲ್ಲಿ ಗುಂಪಾಗಿ, ಕೊನೇ ಬಸ್ಸು ತಪ್ಪಿಸಿಕೊಂಡವರ ಹಾಗೆ ನಿಂತಿದ್ದವು.

"ಆ ಚಿಕ್ಕಮ್ಮ ಏನು ಮಗುನಾ ಮೇಡಂ? ಇದು ಲೆಕ್ಕಕ್ಕಿಲ್ಲ ಬಿಡಿ," ಎಂದಿದ್ದರು ಸಿಸ್ಟರ್ ಅವತ್ತು. ದೊಡ್ಡ ಡಾಕ್ಟರ್ ಕೂಡ ಹೋಗಲಿ ಬಿಡಿ ಎನ್ನುವವರಿದ್ದರು. ಆದರೆ ಚಮಚ ಡಾಕ್ಟರ್ ಕಾಲು ಅಪ್ಪಳಿಸಿದ್ದಳು. "ಬಿಡೋದಾ? ಒಂದು ಬಾಟ್ಲಿ ನೇತಾಡಿದ್ರೆ ಸಾಕು, ಸಂಜೆಯೊಳಗೆ ಎಲ್ಲಾ ಹಾಸಿಗೆಯವ್ರೂ ನಂಗೂ ಬೇಕು ಅಂತಾರೆ. ಸೊನ್ನೆ ಅಂದ್ರೆ ಸೊನ್ನೆ!" ಎಂದು ತಾನೇ ಬೋರ್ಡು ಒರೆಸಿ, ಕೆಳಗೆ ಕೆಂಪು ಇಂಕಿನಲ್ಲಿ ಬರೆದಿದ್ದಳು: 'ಈ ವಾರ್ಡಿನ ಯಾವುದೇ ಹಾಸಿಗೆಯಲ್ಲಿ, ಬಾಯಲ್ಲಿ ಕುಡಿಯಬಲ್ಲ ಯಾರಿಗೇ ಡ್ರಿಪ್ ಹಾಕಿದರೂ ಲೆಕ್ಕ ಸೊನ್ನೆ. ಯಾರಿಗೂ ವಿನಾಯಿತಿ ಇಲ್ಲ.' ಕೆಳಗೆ ಉದ್ದಕ್ಕೆ ಸಹಿ ಬೇರೆ.

ನಾಳೆ ವರದಿ ಒಪ್ಪಿಸಲು ಕೊನೇ ದಿನ. ಇವತ್ತು ಮೂವತ್ತಾಗದಿದ್ದರೆ ಇನ್ನೂ ಆರು ತಿಂಗಳು ಇದೇ ವಾರ್ಡು. ಇನ್ನೊಂದು ಊರಿನ ಆಸ್ಪತ್ರೆಯವರು ತಮ್ಮ ಮಕ್ಕಳ ವಾರ್ಡನ್ನು ಪೂರಾ ಇವಳ ಕೈಗೆ ಕೊಡಲು ಕಾಯುತ್ತಿದ್ದರು. ಆರು ತಿಂಗಳು ಅವರೂ ಕಾಯುವುದಿಲ್ಲ, ಪಕ್ಕದ ಮನೆ ಆಂಟಿಯೂ ಸುಮ್ಮನಿರುವುದಿಲ್ಲ.

ಹನ್ನೊಂದು ಗಂಟೆಗೆ ದೊಡ್ಡ ಡಾಕ್ಟರ್ ಬಂದು ಪುಟ್ಟಿಯ ಹೊಟ್ಟೆ ಮುಟ್ಟಿ ನೋಡಿದರು, ನಾಡಿ ನೋಡಿದರು, ಗಡಿಯಾರ ನೋಡಿದರು. "ನಾಲ್ಕು ಗಂಟೆ ಟೈಮ್ ಕೊಡ್ತೀನಿ. ಮೂರಕ್ಕೆ ಬರ್ತೀನಿ. ಅಷ್ಟ್ರಲ್ಲಿ ಉಚ್ಚೆ ಆಗಿರ್ಬೇಕು. ಇಲ್ಲಾಂದ್ರೆ ಡ್ರಿಪ್. ಮಧ್ಯ ಮಂಕಾದ್ಲೋ, ಆಗ್ಲೇ ಡ್ರಿಪ್."

"ಮಂಕಾದ್ರೆ ನಾನೇ ಹಾಕ್ತೀನಿ ಸರ್," ಎಂದಳು ಚಮಚ ಡಾಕ್ಟರ್. "ಆದ್ರೆ ಇವ್ಳು ಮಂಕಾಗೋ ಪೈಕಿ ಅಲ್ಲ."

ಸೂಜಿ ಸಿಸ್ಟರ್ ಮೆಲ್ಲಗೆ ಒಂದು ಸ್ಟ್ಯಾಂಡನ್ನು ಮೂಲೆಯಿಂದ ಎರಡಡಿ ಮುಂದಕ್ಕೆ ಸರಿಸಿದರು.

"ಸಿಸ್ಟರ್, ವಾಪಸ್ ಇಡಿ."

"ಧೂಳು ಒರ್ಸೋಣ ಅಂತ ಮೇಡಂ."

ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಓಡಿ ಬಂದಿದ್ದ ಚಮಚ ಡಾಕ್ಟರ್ ಒಂದು ಸ್ಟೂಲು ಎಳೆದುಕೊಂಡು ಹಾಸಿಗೆ ಪಕ್ಕ ಕೂತಳು. ಎರಡು ನಿಮಿಷಕ್ಕೊಂದು ಚಮಚ. ಪುಟ್ಟಿ ಬಾಯನ್ನು ಬ್ಯಾಂಕಿನ ಲಾಕರಿನ ಹಾಗೆ ಮುಚ್ಚಿಕೊಂಡಳು. ಆಮೇಲೆ ಒಂದು ಷರತ್ತು ಹಾಕಿದಳು.

"ಕೋಳಿ ಥರ ಕೂಗು. ಆಗ ಕುಡೀತೀನಿ."

ಚಮಚ ಡಾಕ್ಟರ್ ಕೋಳಿಯಾದಳು. ಒಂದು ಚಮಚ ಒಳಗೆ ಹೋಯಿತು. ಆಮೇಲೆ ಬೆಕ್ಕು, ಹಸು, ಕತ್ತೆ. ಒಂದು ಪ್ರಾಣಿಗೆ ಒಂದೇ ಚಮಚ, ಮತ್ತೆ ಅದೇ ಪ್ರಾಣಿ ನಡೆಯುವುದಿಲ್ಲ. ಅರ್ಧ ಗಂಟೆಯಲ್ಲಿ ಪ್ರಾಣಿಗಳೆಲ್ಲ ಮುಗಿದವು. ಅಕ್ಕಪಕ್ಕದ ಹಾಸಿಗೆಯ ಅಮ್ಮಂದಿರು ಸಹಾಯಕ್ಕೆ ಬಂದರು.

"ಕಪ್ಪೆ ಮಾಡಿ ಡಾಕ್ಟ್ರೇ!"

"ಗೂಬೆ ಬಿಟ್ಟೋಯ್ತು!"

"ಜಿರಾಫೆ!" ಎಂದರು ಆರನೇ ಹಾಸಿಗೆಯ ತಾಯಿ.

"ಜಿರಾಫೆ ಹೇಗ್ರೀ ಕೂಗುತ್ತೆ?"

"ನಂಗೇನ್ ಗೊತ್ತು? ಇಷ್ಟು ವರ್ಷ ಓದಿರೋರು ನೀವು."

ಚಮಚ ಡಾಕ್ಟರ್ ಕತ್ತು ಉದ್ದ ಮಾಡಿ ಏನೋ ಒಂದು ಕೂಗಿದಳು. ಪುಟ್ಟಿ ಅನುಮಾನದಿಂದ ನೋಡಿ, ಅರ್ಧ ಚಮಚಕ್ಕೆ ಒಪ್ಪಿದಳು.

ಅಷ್ಟರಲ್ಲಿ ಫೋನು. ಅಮ್ಮ.

"ತಿಂದ್ಯಾ?"

"ತಿಂದೆ ಅಮ್ಮ."

"ಸುಳ್ಳು. ಡಬ್ಬಿ ಇಲ್ಲೇ ಮೇಜಿನ್ ಮೇಲಿದೆ. ಏನಾದ್ರೂ ಕುಡಿದ್ಯಾ?"

"ಕುಡೀತಿದಾಳೆ ಅಮ್ಮ, ಹದಿನೆಂಟು ಚಮಚ ಆಯ್ತು!" ಎಂದು ಫೋನಿಟ್ಟಳು.

ಫೋನಿಗೆ ತಿರುಗಿದ್ದು ಒಂದೇ ನಿಮಿಷ. ಆ ಒಂದು ನಿಮಿಷದಲ್ಲಿ, ಮೊಮ್ಮಗಳಿಗಾಗಿ ಪರದಾಡುವ ಅಜ್ಜಿ ಮತ್ತು ಹಟ ಹಿಡಿದ ಡಾಕ್ಟರ್ ನಡುವೆ ಬೆಳಗ್ಗೆಯಿಂದ ಸಿಕ್ಕಿಕೊಂಡಿದ್ದ ಸಾಧು ಮನುಷ್ಯ, ಪುಟ್ಟಿಯ ಅಪ್ಪ, ಎಲ್ಲರಿಗೂ ಉಪಕಾರವಾಗಲಿ ಎಂದು ಇಡೀ ಲೋಟವನ್ನು ಮಗಳಿಗೆ ಗಟಗಟ ಕುಡಿಸಿಬಿಟ್ಟಿದ್ದ.

"ಒಟ್ಟಿಗೇ ಮುಗ್ಸಿಬಿಟ್ಟೆ ಡಾಕ್ಟ್ರೇ. ನಿಮ್ಗೂ ಸುಸ್ತು..."

ಅವನ ಮಾತು ಮುಗಿಯುವ ಮುಂಚೆ ಆ ಲೋಟವಿಡೀ, ಹೋದ ದಾರಿಯಲ್ಲೇ ವಾಪಸು ಬಂದು, ಚಮಚ ಡಾಕ್ಟರ್ ಕೋಟಿನ ಮೇಲೆ ಇಳಿಯಿತು.

"ನಾನು ಹೇಳ್ಲಿಲ್ವಾ?" ಅಜ್ಜಿ ವಿಜಯೋತ್ಸಾಹದಲ್ಲಿ ಕೈ ತಟ್ಟಿದರು. "ಹೊಟ್ಟೇಲಿ ನಿಲ್ಲಲ್ಲ! ಸಿಸ್ಟರಮ್ಮಾ, ತಗೊಂಬನ್ನಿ ಬಾಟ್ಲಿ!"

ಸೂಜಿ ಸಿಸ್ಟರ್ ಆಗಲೇ ಬಂದಾಗಿತ್ತು. ಕೈಯಲ್ಲಿ ಟ್ರೇ, ಟ್ರೇಯಲ್ಲಿ ಸೂಜಿ, ಮುಖದಲ್ಲಿ ಹಬ್ಬ.

ಚಮಚ ಡಾಕ್ಟರ್ ಹಾಸಿಗೆಗೆ ಅಡ್ಡ ನಿಂತಳು. "ಒಂದು ಲೋಟ ಒಟ್ಟಿಗೆ ಸುರಿದ್ರೆ ನಿಮ್ ಹೊಟ್ಟೇಲೂ ನಿಲ್ಲಲ್ಲ ಸಿಸ್ಟರ್. ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಮೂರು ಗಂಟೆವರ್ಗೂ ಈ ಹಾಸಿಗೆ ಹತ್ರ ಸೂಜಿ ಬಂದ್ರೆ ನನ್ನ ಚುಚ್ಚಿ ಮುಂದೆ ಹೋಗ್ಬೇಕು!"

ಸಿಸ್ಟರ್ ಅವಳ ಮುಂಗೈಯನ್ನು ಒಂದು ಕ್ಷಣ ಆಸೆಯಿಂದ ನೋಡಿದರು. "ಒಳ್ಳೇ ನರ ಮೇಡಂ," ಎಂದು ನಿಟ್ಟುಸಿರು ಬಿಟ್ಟು ಹೋದರು.

ಒಂದು ಗಂಟೆ. ಎರಡು ಗಂಟೆ. ತಲೆ ಮೇಲಿನ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಮಾತಾಡುತ್ತಿತ್ತು. ಆಯಾ ಟೀ ತಂದುಕೊಟ್ಟರೆ, ಅದು ಕಿಟಕಿಯ ಕಟ್ಟೆ ಮೇಲೆ ಕೆನೆಗಟ್ಟಿ ಕೂತಿತು. ಎದ್ದು ಹೋದರೆ ಅಪ್ಪ ಲೋಟ ಎತ್ತುತ್ತಾನೆ, ಅಜ್ಜಿ ಸಿಸ್ಟರನ್ನು ಕರೆಯುತ್ತಾರೆ. ಊಟಕ್ಕೆ ಹೋಗುವ ಮಾತೇ ಇಲ್ಲ. ಪ್ರಾಣಿಗಳಾದ ಮೇಲೆ ವಾಹನಗಳು ಬಂದವು. ಲಾರಿ, ಆಂಬುಲೆನ್ಸು, ರೈಲು. ಪುಟ್ಟಿ ಕುಡಿಯುತ್ತಿದ್ದಳು, ವಾಂತಿ ಇಲ್ಲ, ನಾಲಿಗೆ ಒದ್ದೆಯಾಗಿತ್ತು. ಬೇಕಿದ್ದದ್ದು ಬಂದಿರಲಿಲ್ಲ ಅಷ್ಟೇ.

ವಾರ್ಡಿನ ಎಲ್ಲಾ ಕಣ್ಣುಗಳೂ ಹಾಸಿಗೆ ಕೆಳಗೆ, ಪುಟ್ಟಿ ಉಚ್ಚೆ ಮಾಡುವ ನೀಲಿ ಪಾಟಿಯ ಮೇಲಿದ್ದವು.

ಎರಡೂವರೆಗೆ ಅಪ್ಪ ಕಿರುಚಿದ. "ಆಯ್ತು! ಆಯ್ತು ಡಾಕ್ಟ್ರೇ! ಪಾಟಿ ನೋಡಿ!"

ಚಪ್ಪಾಳೆಯೋ ಚಪ್ಪಾಳೆ. ಸೂಜಿ ಸಿಸ್ಟರ್ ಬಂದು, ಪಾಟಿ ಎತ್ತಿ, ಮೂಸಿ ನೋಡಿದರು. "ಮೇಡಂ, ನನ್ ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ಕಿತ್ತಳೆ ವಾಸನೆ ಬರೋ ಉಚ್ಚೆ ನೋಡಿಲ್ಲ."

ಕಿತ್ತಳೆ ರುಚಿಯ ಓಆರ್‌ಎಸ್. ಅಪ್ಪ ತಲೆ ತಗ್ಗಿಸಿದ. "ನೀವು ಬೆಳಗ್ಗೆಯಿಂದ ಒದ್ದಾಡ್ತಿರೋದು ನೋಡೋಕಾಗ್ಲಿಲ್ಲ ಡಾಕ್ಟ್ರೇ. ಹೇಗೂ ಮೂರಕ್ಕೆ ಅವ್ರು ಬಂದು ನೋಡೋದು ಪಾಟಿ ತಾನೇ..."

"ಸುಳ್ಳು ಉಚ್ಚೆ ಮೇಲೆ ನಂಗೆ ಸರ್ಟಿಫಿಕೇಟ್ ಬೇಡ!" ಗುಡುಗಿದಳು ಚಮಚ ಡಾಕ್ಟರ್. "ತೊಳ್ಕೊಂಡು ಬನ್ನಿ ಅದನ್ನ. ಪುಟ್ಟೀ, ಬಾಯಿ ತೆಗಿ. ಈಗ ಹೆಲಿಕಾಪ್ಟರ್."

ಮೂರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಪುಟ್ಟಿ ಹೆಲಿಕಾಪ್ಟರನ್ನು ಅರ್ಧದಲ್ಲಿ ನಿಲ್ಲಿಸಿದಳು. ಮುಖ ಗಂಭೀರವಾಯಿತು. "ಅಜ್ಜೀ, ಉಚ್ಚೆ."

ಇಡೀ ವಾರ್ಡು ಉಸಿರು ಬಿಗಿಹಿಡಿಯಿತು. ಫ್ಯಾನು ಕೂಡ ಒಂದು ಕ್ಷಣ ಮಾತು ನಿಲ್ಲಿಸಿದ ಹಾಗಿತ್ತು. ಆಮೇಲೆ ಪಾಟಿಯಿಂದ ಆ ಸದ್ದು ಬಂತು. ನಿಜವಾದದ್ದು, ಧಾರಾಳವಾದದ್ದು, ಮುಗಿಯದಂಥದ್ದು. ಅಜ್ಜಿಯೇ ಮೊದಲು ಚಪ್ಪಾಳೆ ತಟ್ಟಿದರು. ಆರನೇ ಹಾಸಿಗೆಯ ತಾಯಿ ಶಿಳ್ಳೆ ಹಾಕಿದರು.

"ಮೂವತ್ತು!" ಎಂದು ಎರಡೂ ಕೈ ಮೇಲೆತ್ತಿ ಚಮಚ ಡಾಕ್ಟರ್ ಸ್ಟೂಲಿನಿಂದ ಚಿಮ್ಮಿ ಎದ್ದಳು.

ಏಳು ಗಂಟೆಯಿಂದ ಒಂದು ಹನಿ ನೀರೂ ಕಾಣದ ದೇಹ ಅಷ್ಟು ಬೇಗ ಏಳಲು ಒಪ್ಪಲಿಲ್ಲ. ವಾರ್ಡು ಒಂದು ಸುತ್ತು ತಿರುಗಿತು. ಬೋರ್ಡು ಮೇಲೆ ಹೋಯಿತು, ನೆಲ ಹತ್ತಿರ ಬಂತು. ಅಪ್ಪ ಓಡಿ ಬಂದು ಹಿಡಿದ. ಅಜ್ಜಿ ಕಾಲು ಹಿಡಿದರು. ಇಬ್ಬರೂ ಸೇರಿ ಅವಳನ್ನು ಖಾಲಿ ಇದ್ದ ಎಂಟನೇ ಹಾಸಿಗೆಯಲ್ಲಿ ಮಲಗಿಸಿದರು.

"ನೀರು..." ಎಂದು ಅವಳು ಕಣ್ಣು ಬಿಟ್ಟಾಗ ಮುಂಗೈಯಲ್ಲಿ ಏನೋ ತಣ್ಣಗೆ ತಾಗಿತು. ಸ್ಪಿರಿಟ್ಟು.

"ಬೇಡ! ಸಿಸ್ಟರ್, ಬೇಡ!"

ಇಪ್ಪತ್ತೊಂಬತ್ತು ದಿನದಿಂದ ಹಸಿದಿದ್ದ ಕೈ ಅದು. ಬೇಡ ಎನ್ನುವ ಮಾತು ಕಿವಿಗೆ ತಲುಪುವುದರೊಳಗೆ ಕೆಲಸ ಮುಗಿಸಿ, ಟೇಪು ಅಂಟಿಸಿ, ಬಾಟಲಿ ನೇತುಹಾಕಿತ್ತು. "ಒಂದೇ ಚುಚ್ಚು!" ಎಂದರು ಸಿಸ್ಟರ್, ಕಣ್ಣಲ್ಲಿ ನೀರು ತುಂಬಿಕೊಂಡು.

ಸರಿಯಾಗಿ ಮೂರು ಗಂಟೆಗೆ ದೊಡ್ಡ ಡಾಕ್ಟರ್ ಒಳಗೆ ಬಂದರು. ಪುಟ್ಟಿಯನ್ನು ನೋಡಿದರು. ಪಾಟಿ ನೋಡಿದರು. "ಭೇಷ್," ಎಂದರು. ಮಾರ್ಕರ್ ತೆಗೆದು ಬೋರ್ಡಿನತ್ತ ಹೋದವರು, ಎಂಟನೇ ಹಾಸಿಗೆ ನೋಡಿ ಹಾಗೇ ನಿಂತರು.

"ಇದೇನ್ರೀ?"

ಸೂಜಿ ಸಿಸ್ಟರ್‌ಗೆ ಆಗಷ್ಟೇ ಬೋರ್ಡು ನೆನಪಾಯಿತು. "ಸರ್, ಮೇಡಂಗೆ ಪ್ರಜ್ಞೆ ಇರ್ಲಿಲ್ಲ ಸರ್. ಬಾಯಲ್ಲಿ ಕುಡಿಯೋ ಸ್ಥಿತಿನೇ ಇರ್ಲಿಲ್ಲ. ಇದು ಲೆಕ್ಕಕ್ಕೆ ಬರಲ್ಲ." ತನ್ನ ಸರ್ವೀಸಿನಲ್ಲೇ ಮೊದಲ ಸಲ ಅವರು ಡ್ರಿಪ್ ವಿರುದ್ಧ ವಾದ ಮಾಡುತ್ತಿದ್ದರು.

ದೊಡ್ಡ ಡಾಕ್ಟರ್ ಮುಖದಲ್ಲಿ ಆಸೆ ಮೂಡಿತು. "ಹೌದೇನಮ್ಮಾ? ಪ್ರಜ್ಞೆ ಇರ್ಲಿಲ್ವಾ?"

ಹೌದು ಎಂದರೆ ಮುಗಿಯಿತು. ಸರ್ಟಿಫಿಕೇಟು, ಹೊಸ ವಾರ್ಡು, ಆಂಟಿಯ ಬಾಯಿಗೆ ಬೀಗ. ಚಮಚ ಡಾಕ್ಟರ್ ಬೋರ್ಡಿನ ಕೆಂಪು ಅಕ್ಷರ ನೋಡಿದಳು. ತನ್ನದೇ ಸಹಿ ಅಲ್ಲಿಂದ ಅವಳನ್ನು ದಿಟ್ಟಿಸುತ್ತಿತ್ತು.

"ಇತ್ತು ಸರ್. ನೀರು ಕೇಳ್ದೆ. ಬೇಡ ಅಂತಾನೂ ಅಂದೆ." ಗಲ್ಲ ಮೇಲೆತ್ತಿದಳು. "ಒರೆಸಿ."

"ಆರು ತಿಂಗಳಮ್ಮಾ..."

"ಒರೆಸಿ ಸರ್. ನಾಳೆಯಿಂದ ಒಂದು."

ದೊಡ್ಡ ಡಾಕ್ಟರ್ 29 ಒರೆಸಿ, ಸೊನ್ನೆ ಬರೆದರು. ಚಮಚ ಡಾಕ್ಟರ್ ಎಡಗೈಯಿಂದ ಡ್ರಿಪ್ಪಿನ ಚಕ್ರ ತಿರುಗಿಸಿ ಹನಿ ನಿಲ್ಲಿಸಿದಳು. ಇನ್ನು ಇಲ್ಲಿಂದ ಯಾರೂ ತನ್ನನ್ನು ಅಲ್ಲಾಡಿಸಲಾರರು ಎನ್ನುವಂತೆ ದಿಂಬಿಗೆ ಒರಗಿ ಕೂತಳು.

ಆಗ ಅಜ್ಜಿ ಮೆಲ್ಲಗೆ ಹತ್ತಿರ ಬಂದರು. ಬಾಟಲಿಯನ್ನೊಮ್ಮೆ, ಡಾಕ್ಟರ್ ಮುಖವನ್ನೊಮ್ಮೆ ನೋಡಿದರು.

"ಬಾಟ್ಲಿ ಹಾಕಿದ್ ತಕ್ಷಣ ನಿಮ್ ಮುಖಕ್ಕೆ ಎಷ್ಟು ಕಳೆ ಬಂತು ನೋಡಿ ಡಾಕ್ಟ್ರಮ್ಮಾ," ಎಂದರು. ಆರನೇ ಹಾಸಿಗೆಯ ತಾಯಿ ಹೌದೆಂದು ತಲೆಯಾಡಿಸಿದರು. ನಾಲ್ಕನೆಯವರೂ, ಒಂಬತ್ತನೆಯವರೂ ಎದ್ದು ಬಂದರು. ಅಜ್ಜಿ ದನಿ ತಗ್ಗಿಸಿದರು. "ಅಲ್ಲಾ, ಇನ್ನೂ ಮುಕ್ಕಾಲು ಬಾಟ್ಲಿ ಹಾಗೇ ಇದೆ. ನೀವೂ ನಿಲ್ಸಿಬಿಟ್ರಿ. ಸುಮ್ನೆ ವೇಸ್ಟ್ ಆಗುತ್ತೆ. ಅದನ್ನಾದ್ರೂ ನಮ್ ಪುಟ್ಟೀಗೆ ಹಾಕ್ಬಾರ್ದಾ?"

ಚಮಚ ಡಾಕ್ಟರ್ ಉತ್ತರ ಕೊಡಲು ಬಾಯಿ ತೆರೆದಳು.

ಅದಕ್ಕೇ ಕಾಯುತ್ತಿದ್ದ ಪುಟ್ಟಿ, ಹಾಸಿಗೆಯ ಅಂಚಿಗೆ ಹತ್ತಿ ನಿಂತು, ತುಂಬಿದ ಚಮಚವನ್ನು ಒಳಗೆ ತುರುಕಿದಳು. "ಉಗೀಬಾರ್ದು," ಎಂದು ಗದರಿದಳು. "ಎರಡು ನಿಮಿಷಕ್ಕೆ ಇನ್ನೊಂದು."