ಕೂಗದ ಹುಂಜದ ಕಾಯಿಲೆ

ದೊಡ್ಡವರು "ಮಕ್ಕಳ ಮುಂದೆ ಬೇಡ" ಎಂದು ಪಿಸುಗುಟ್ಟಿದ ವಿಷಯವೆಲ್ಲ ಮರುದಿನ ಹತ್ತು ಗಂಟೆಗೆ ಸರಿಯಾಗಿ ನನ್ನ ಎರಡನೇ ಕ್ಲಾಸಿಗೆ ಬಂದು ಮುಟ್ಟುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಬೆಳ್ತಂಗಡಿ ಕಡೆಯ ಶಾಲೆಯೊಂದರಲ್ಲಿ ನಾನು ಟೀಚರಾಗಿದ್ದಾಗ ಇಂಥದ್ದಕ್ಕೆ ಬರವಿರಲಿಲ್ಲ.

೧. ಮನೆಯ ಪಂಡಿತರು

ಒಂದು ದಿನ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ನಿಂತಳು. "ಟೀಚರ್, ಅಮ್ಮನಿಗೆ ಜ್ವರ ಇಲ್ಲ, ಗಾಯ ಇಲ್ಲ. ಮತ್ತೆ ಯಾಕೆ ಏಳುವುದಿಲ್ಲ?"

ತಾಯಿ ಎರಡು ತಿಂಗಳಿಂದ ಗೋಡೆಗೆ ಮುಖ ಮಾಡಿ ಮಲಗಿದ್ದರಂತೆ. ಮನೆಯವರೇನೂ ಸುಮ್ಮನಿರಲಿಲ್ಲ. ಅಜ್ಜಿ ದೃಷ್ಟಿ ಎಂದು ನೂಲು ಕಟ್ಟಿಸಿದರು. ಚಿಕ್ಕಪ್ಪ ಸೋಮಾರಿತನ ಎಂದರು. ಅವರು ಹಾಗೆ ಹೇಳಿದ್ದು ಈಸಿಚೇರಿನಲ್ಲಿ ಮಲಗಿಕೊಂಡು.

"ನಾನು ಗಲಾಟೆ ಮಾಡಿದ್ದಕ್ಕಾ ಟೀಚರ್?" ಎಂದಳು ಹುಡುಗಿ. ಅದಕ್ಕೆ ಮಾತ್ರ ನನಗೆ ನಗು ಬರಲಿಲ್ಲ.

೨. ಹಿಂದಿನ ಬೆಂಚಿನ ಚಿಕಿತ್ಸೆ

ಮಂಗಳೂರಿನಲ್ಲಿ ನರ್ಸ್ ಆಗಿದ್ದ ನನ್ನ ಅಕ್ಕನನ್ನು ಕೇಳಿದೆ. "ಅದು ಮನಸ್ಸಿನ ಕಾಯಿಲೆ, ಖಿನ್ನತೆ ಅಂತ. ಮದ್ದುಂಟು" ಎಂದಳು. ಅದನ್ನು ಏಳು ವರ್ಷದವರಿಗೆ ಹೇಳುವುದು ಹೇಗೆ? ಹಳೆ ಕ್ಯಾಲೆಂಡರಿನ ಹಾಳೆಗಳ ಹಿಂದೆ ಚಿತ್ರ ಬಿಡಿಸಿ ಒಂದು ಪುಸ್ತಕ ಹೊಲಿದೆ. ಅದರಲ್ಲೊಂದು ಹುಂಜ. ಬೆಳಗಾದರೂ ಕೂಗುವುದಿಲ್ಲ, ಭತ್ತ ಹಾಕಿದರೂ ಮುಟ್ಟುವುದಿಲ್ಲ.

"ಹುಂಜಕ್ಕೆ ಖಿನ್ನತೆ ಬಂದಿದೆ. ಇದು ಯಾರ ತಪ್ಪೂ ಅಲ್ಲ. ಈಗ ಏನು ಮಾಡುವ?" ಎಂದು ಕ್ಲಾಸಿಗೆ ಕೇಳಿದೆ.

"ಕೊಯ್ದು ಮಸಾಲೆ ಹಾಕಿ ಸುಕ್ಕ ಮಾಡುವ ಟೀಚರ್!" ಎಂದಿತು ಹಿಂದಿನ ಬೆಂಚು.

ಆ ಹುಡುಗಿ ಸಿಟ್ಟಿನಿಂದ ಎದ್ದು ನಿಂತಳು. "ಬೇಡ! ಹತ್ತಿರ ಕೂತುಕೊಳ್ಳುವ. ಡಾಕ್ಟರಿಗೆ ತೋರಿಸಿ ಗುಣ ಮಾಡುವ."

ಹಿಂದಿನ ಬೆಂಚು ಸ್ವಲ್ಪ ಯೋಚಿಸಿ ಒಪ್ಪಿತು. "ಆಯ್ತು. ಗುಣ ಆದ ಮೇಲೆ ಸುಕ್ಕ ಮಾಡುವ."

೩. ತೃಪ್ತಿಕರ

ಹೆಡ್‌ಮಾಸ್ಟರರು ಪುಸ್ತಕ ತಿರುವಿ ಹಾಕಿ, "ನೀತಿ ಎಲ್ಲುಂಟು ಟೀಚರೇ? ಕೊನೆಗೆ 'ಆಲಸ್ಯ ಬಿಡಿ' ಅಂತ ಬರೆಯಿರಿ" ಎಂದರು. ನಾನು ಬರೆಯಲಿಲ್ಲ.

ಅದೇ ವಾರ ಇನ್‌ಸ್ಪೆಕ್ಟರರು ಬಂದರು. ಚಿತ್ರ ನೋಡಿ, "ಈ ಕೋಳಿಗೆ ಏನಾಗಿದೆ?" ಎಂದು ಮಕ್ಕಳನ್ನು ಕೇಳಿದರು.

"ಖಿನ್ನತೆ ಸಾರ್!" ಇಡೀ ಕ್ಲಾಸು ಕಿರುಚಿತು.

ಎಲ್ಲ ತಿಳಿದವರಂತೆ ಅವರು ಗಂಭೀರವಾಗಿ ತಲೆಯಾಡಿಸಿದರು. ವರದಿಯಲ್ಲಿ ಬರೆದರು: "ಕೋಳಿ ಸಾಕಣೆಯ ಪಾಠ ತೃಪ್ತಿಕರ."

೪. ಅಜ್ಜಿಯ ಓಟ

ಹುಡುಗಿ ಪುಸ್ತಕವನ್ನು ಮನೆಗೆ ಕೊಂಡುಹೋಗಿ ಅಮ್ಮನ ಪಕ್ಕ ಕೂತು ಓದಿದಳು. ಅಜ್ಜಿಗೂ ವಿವರಿಸಿದಳು: "ಇದು ದೃಷ್ಟಿ ಅಲ್ಲ ಅಜ್ಜಿ. ಕೋಳಿಗೆ ಬಂದ ಕಾಯಿಲೆಯೇ ಅಮ್ಮನಿಗೆ ಬಂದದ್ದು."

ಅಜ್ಜಿ ದಿಗ್ಗನೆ ಎದ್ದರು. ಹಿಂದಿನ ವರ್ಷ ಕೋಳಿರೋಗ ಬಂದು ಅವರ ಗೂಡು ಪೂರ್ತಿ ಖಾಲಿಯಾಗಿ, ಈಗಷ್ಟೇ ಹೊಸ ಕೋಳಿಗಳು ತುಂಬಿದ್ದವು. ಸೊಸೆಗೆಂದು ಎರಡು ತಿಂಗಳು ಕದಲದ ಕಾಲು ಈಗ ಓಡಿತು. ಮರುದಿನ ಮೊದಲ ಬಸ್ಸಿಗೇ ಸೊಸೆಯನ್ನು ಹತ್ತಿಸಿ ಮೂಡಬಿದಿರೆಯ ಡಾಕ್ಟರ ಮುಂದೆ ಕೂರಿಸಿದರು.

ಇದನ್ನು ನನಗೆ ಹೇಳಿದ್ದು ಆ ತಾಯಿಯೇ. ಕೆಲವು ತಿಂಗಳ ಮದ್ದಿನ ನಂತರ ಮಗಳನ್ನು ಶಾಲೆಗೆ ಬಿಡಲು ಬಂದಿದ್ದರು.

"ಡಾಕ್ಟರು ತುಂಬ ಹೊತ್ತು ಮಾತಾಡಿಸಿದರು ಟೀಚರ್. ಗುಣ ಆಗ್ತದೆ, ಹೆದರಬೇಡಿ ಅಂದರು. ಆದರೆ ಅತ್ತೆ ಕುರ್ಚಿ ಬಿಟ್ಟು ಏಳಲೇ ಇಲ್ಲ. 'ಅದೆಲ್ಲ ಸರಿ ಡಾಕ್ಟ್ರೇ, ಇವಳು ಇನ್ನು ಕೋಳಿಗೂಡಿನ ಹತ್ತಿರ ಹೋಗಬಹುದಾ?' ಅಂತ ಕೇಳಿದರು. ಎಷ್ಟೋ ಸಮಯದ ಮೇಲೆ ನನಗೆ ನಗು ಬಂದದ್ದು ಆಗಲೇ."

"ಡಾಕ್ಟರು ಏನೆಂದರು?"

"ಅವರು ನಗಲಿಲ್ಲ. ಪೆನ್ನು ತೆಗೆದು ಮದ್ದಿನ ಚೀಟಿಯಲ್ಲೇ ಬರೆದುಕೊಟ್ಟರು. 'ಕೋಳಿಗೂಡಿಗೆ, ದಿನಕ್ಕೆ ಎರಡು ಸಲ, ಊಟದ ನಂತರ. ಅತ್ತೆಯೂ ಜೊತೆಗೆ ಹೋಗತಕ್ಕದ್ದು.'"